ಮೂರನೆಯ ಕೋಣೆ

ಲಂಗಾಟಾ, ನೈರೋಬಿ
೬ ಅಕ್ಟೋಬರ್ ೨೦೨೪, ಭಾನುವಾರ

ಶರ್ವಾಣಿ,

ಈ ವರ್ಷ ನಾವಿಬ್ಬರೂ ಫೋನಿನಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಸಮಾಧಾನವಾಗಿ ಮಾತಾಡಿದ್ದು ಒಂದು ಸಲವೂ ಇಲ್ಲ. ಮೊನ್ನೆ ನೀನು ಫೋನ್ ಇಟ್ಟ ಮೇಲೆ ನಿಮ್ಮಮ್ಮ ಹೇಳಿದಳು, "ಅಪ್ಪ ಮಗಳು ಇಬ್ಬರೂ ಬರೆದುಕೊಳ್ಳಿ. ಬರೆಯುವಾಗ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕೋಕಾಗಲ್ಲ." ಅದಕ್ಕೇ ಈ ಮೇಲ್. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಯಲು ಎರಡು ಭಾನುವಾರ ಹಿಡಿಯಿತು. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಪಿಎಚ್‌ಡಿ ಅರ್ಧಕ್ಕೆ ಬಿಟ್ಟ ವಿಷಯ ನಾನು ಇಲ್ಲಿ ಎತ್ತುವುದಿಲ್ಲ. ನಿನಗೆ ಇಪ್ಪತ್ತೊಂಬತ್ತು, ನನಗೆ ಅರವತ್ತೊಂದು. ನಾನು ಹನ್ನೊಂದು ವರ್ಷದಿಂದ ಇಲ್ಲಿನ ಮಾತ್ರೆ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿರುವವನು. ನೀನೂ ಅದೇ ದಾರಿಯಲ್ಲಿ ಡಾಕ್ಟರ್ ಶರ್ವಾಣಿ ಆಗುತ್ತೀಯ ಅಂದುಕೊಂಡಿದ್ದೆ. ಆಗಲಿಲ್ಲ. ಅಷ್ಟೇ.

ಈಗ ವಿಯೆನ್ನಾದ ಮ್ಯೂಸಿಯಂನಲ್ಲಿ 'ಸಂಗ್ರಹ ರಕ್ಷಣೆ'ಯ ವಿಭಾಗದಲ್ಲಿದ್ದೇನೆ ಅಂದೆಯಲ್ಲ, ಅದರ ಬಗ್ಗೆ ಬರಿ. ನಿನ್ನೆ ಅಮ್ಮ ಗೊಂಬೆ ಆರತಿಗೆ ಯೋಗೀಶನ ಮನೆಯವರನ್ನು ಕರೆದಿದ್ದಳು. ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಐಟಿ ನೋಡಿಕೊಳ್ಳುವ ಯೋಗೀಶ, ನಿನಗೆ ಫೋಟೋದಲ್ಲಿ ಮಾತ್ರ ಗೊತ್ತು. ಅವನ ಹೆಂಡತಿ ಹರ್ಷಿತಾ ಕೇಳಿದಳು, "ಅಂಕಲ್, ಶರ್ವಾಣಿ ಏನು ಮಾಡ್ತಿದಾಳೆ?" "ಯುರೋಪಿನ ಮ್ಯೂಸಿಯಂನಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವ ತಜ್ಞೆ" ಅಂದೆ. ಹೇಳುವಾಗ ಕೇಳುವುದಕ್ಕೆ ಚೆನ್ನಾಗೇ ಇತ್ತು.

ಬೇಲಿಯಾಚೆ ನ್ಯಾಷನಲ್ ಪಾರ್ಕಿನ ಜಿರಾಫೆಗಳು ಮೂರು ದಿನದಿಂದ ಈ ಕಡೆಗೇ ಇವೆ. ಮಳೆ ಇನ್ನೂ ಶುರುವಾಗಿಲ್ಲ.

ಅಪ್ಪ

*

ವಿಯೆನ್ನಾ
೧೩ ಅಕ್ಟೋಬರ್ ೨೦೨೪

ಅಪ್ಪ,

ನಿಮ್ಮ ಮೇಲ್ ಮೂರು ಸಲ ಓದಿದೆ. ತಪ್ಪು ಒಂದೇ ಒಂದು, ಅದನ್ನೂ ತಿದ್ದಲ್ಲ.

ನಮ್ಮ ಮ್ಯೂಸಿಯಂ ದೊಡ್ಡದಲ್ಲ. ಇಲ್ಲಿ ರಾಜರ ಕಾಲದಲ್ಲಿ ಕಟ್ಟಿದ ಎರಡು ದೊಡ್ಡ ಮ್ಯೂಸಿಯಂಗಳಿವೆ, ನಡುವೆ ತೋಟ, ಎದುರುಬದುರು ಅವಳಿಜವಳಿ ಥರ ನಿಂತಿವೆ. ಒಂದರಲ್ಲಿ ಚಿತ್ರಗಳು, ಇನ್ನೊಂದರಲ್ಲಿ ಕಲ್ಲು, ಹಕ್ಕಿ, ಎಲುಬು. ಟೂರಿಸ್ಟ್ ಬಸ್ಸುಗಳೆಲ್ಲ ಅಲ್ಲಿಗೆ. ನಮ್ಮದು ಒಂದು ಗಲ್ಲಿಯೊಳಗೆ, ಹಳೇ ಶ್ರೀಮಂತರ ಮನೆ. ಹನ್ನೊಂದು ಕೋಣೆ. ಇರೋದೆಲ್ಲ ಬೆಟ್ಟದ ಹಳ್ಳಿಯವರ ಸಾಮಾನು. ತೊಟ್ಟಿಲು, ಬೆಣ್ಣೆ ಅಚ್ಚು, ಚರ್ಚಿಗೆ ಹಾಕಿಕೊಂಡು ಹೋಗ್ತಿದ್ದ ಟೋಪಿಗಳು, ಮದುವೆ ಪೆಟ್ಟಿಗೆಗಳು. ನನಗೆ ಕೊಟ್ಟಿರೋದು ಮೂರನೆಯ ಕೋಣೆ. ಅಲ್ಲಿ ಒಂದು ಪೆಟ್ಟಿಗೆ ಇದೆ, ನೀಲಿ ಬಣ್ಣದ್ದು, ಮುಂದೆ ಎರಡು ಹಕ್ಕಿ ಬರೆದಿದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಯ ಬಿಸಿಲು ಎಡಗಡೆ ಹಕ್ಕಿ ಮೇಲೆ ಬೀಳುತ್ತೆ. ಕಾಲು ಗಂಟೆ ಇರುತ್ತೆ, ಆಮೇಲೆ ಹೋಗುತ್ತೆ.

ರಜೆಯ ದಿನ ಔಗಾರ್ಟನ್ ಅನ್ನೋ ಪಾರ್ಕಿಗೆ ಹೋಗ್ತೀನಿ. ಮೊದಲು ರಾಜಮನೆತನದವರ ತೋಟ. ಇನ್ನೂರೈವತ್ತು ವರ್ಷದ ಹಿಂದೆ ಒಬ್ಬ ದೊರೆ ಎಲ್ಲರಿಗೂ ಅಂತ ಬಾಗಿಲು ತೆಗೆಸಿ, ಬಾಗಿಲ ಮೇಲೆ ಬರೆಸಿದ: ಇದು ಎಲ್ಲ ಮನುಷ್ಯರಿಗೂ ಅರ್ಪಿಸಿದ ಸಂತೋಷದ ಜಾಗ, ಅವರನ್ನು ಗೌರವಿಸುವವನಿಂದ. ದೊರೆಯ ಹೆಸರಿಲ್ಲ ಅಪ್ಪ. 'ಗೌರವಿಸುವವನು' ಅಂತ ಅಷ್ಟೇ. ನಾನು ಆ ಬಾಗಿಲ ಕೆಳಗೆ ಹೋಗುವಾಗೆಲ್ಲ ಒಂದು ಸಲ ತಲೆ ಎತ್ತಿ ಓದ್ತೀನಿ. ಒಳಗೆ ಅಜ್ಜಂದಿರು, ತಳ್ಳುಗಾಡಿಯಲ್ಲಿ ಮಕ್ಕಳು, ಟರ್ಕಿಯವರು, ಸಿರಿಯಾದವರು. ಮಧ್ಯದಲ್ಲೇ ಯುದ್ಧದ ಕಾಲದ ಕಾಂಕ್ರೀಟ್ ಗೋಪುರಗಳು, ವಿಮಾನ ಹೊಡೆಯೋಕೆ ಕಟ್ಟಿದ್ದು. ಎಷ್ಟು ದಪ್ಪ ಅಂದ್ರೆ ಕೆಡವೋಕೇ ಆಗಲಿಲ್ಲ. ಅದರ ಪಕ್ಕದಲ್ಲೇ ಹುಡುಗರು ಚೆಂಡಾಡ್ತಾರೆ.

ಪಾರ್ಕಿನ ನಲ್ಲಿಯಲ್ಲಿ ಬರೋದು ಆಲ್ಪ್ಸ್ ಬೆಟ್ಟದ ಊಟೆ ನೀರು. ಬಗ್ಗಿ ಕುಡಿಯೋದೇ. ನಿಮಗೆ ಇಷ್ಟ ಆಗುತ್ತೆ ಅಂತ ಬರೆದೆ.

ಶರ್ವಾಣಿ

*

ಲಂಗಾಟಾ
೨೦ ಅಕ್ಟೋಬರ್ ೨೦೨೪

ಶರ್ವಾಣಿ,

ಮೂವತ್ತು ತುಂಬುವ ಮೊದಲೇ ನಿನಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದಾರೆ. ನನಗೆ ಕ್ಯಾಬಿನ್ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಹದಿನಾಲ್ಕನೆಯ ವರ್ಷ, ಅದೂ ಕಿಟಕಿ ಇಲ್ಲದ್ದು. ನಿನ್ನ ಕೋಣೆಗೆ ಕಿಟಕಿಯೂ ಇದೆ, ಬಿಸಿಲೂ ಬರುತ್ತದೆ. ಓದಿ ಬಹಳ ಸಂತೋಷವಾಯಿತು. ಆದರೆ ಬಣ್ಣದ ಪೆಟ್ಟಿಗೆಯ ಮೇಲೆ ದಿನಾ ಬಿಸಿಲು ಬೀಳುವುದು ಒಳ್ಳೆಯದಲ್ಲ, ಒಂದು ಪರದೆ ಹಾಕಿಸು. ನೀನು ಹೇಳಿದರೆ ಹಾಕುತ್ತಾರಲ್ಲ?

ನಲ್ಲಿ ನೀರಿನ ವಿಷಯ ಫ್ಯಾಕ್ಟರಿಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಬಾಗಿಲ ಮೇಲಿನ ಬರಹ ಅಮ್ಮನಿಗೆ ಓದಿ ಹೇಳಿದೆ. ಅವಳು "ಅಂಥ ಜಾಗದಲ್ಲಿ ಇದ್ದಾಳಲ್ಲ, ಬಿಡಿ" ಅಂದಳು. ಏನು ಬಿಡಬೇಕು ಅಂತ ನಾನು ಕೇಳಲಿಲ್ಲ.

ಇನ್ನೊಂದು ಮಾತು. ಯೋಗೀಶ, ಹರ್ಷಿತಾ, ಮಗಳು ಅಮೂಲ್ಯಾ ಮೂವರೂ ಕ್ರಿಸ್‌ಮಸ್ ರಜೆಗೆ ಯುರೋಪಿಗೆ ಹೊರಟಿದ್ದಾರೆ. ವಿಯೆನ್ನಾದಲ್ಲಿ ಮೂರು ದಿನ. ನಿನ್ನ ಮ್ಯೂಸಿಯಂಗೆ ಹೋಗಲೇಬೇಕು, ಶರ್ವಾಣಿಯೇ ಎಲ್ಲ ತೋರಿಸುತ್ತಾಳೆ ಅಂದಿದ್ದೇನೆ.

ಅಪ್ಪ

*

ವಿಯೆನ್ನಾ
೩ ನವೆಂಬರ್ ೨೦೨೪

ಅಪ್ಪ,

ಕ್ರಿಸ್‌ಮಸ್ ವಾರ ನಾನು ಊರಲ್ಲಿ ಇರಲ್ಲ ಅನ್ಸುತ್ತೆ. ಸ್ನೇಹಿತೆಯರ ಜೊತೆ ಸಾಲ್ಸ್‌ಬರ್ಗ್‌ಗೆ ಹೋಗೋ ಮಾತಿದೆ. ಯೋಗೀಶ ಅಂಕಲ್‌ಗೆ ದೊಡ್ಡ ಮ್ಯೂಸಿಯಂಗಳನ್ನೇ ನೋಡೋಕೆ ಹೇಳಿ. ನಮ್ಮದು ಅವರಿಗೆ ಸಪ್ಪೆ ಅನ್ಸಬಹುದು.

ಫೋಕ್ಸ್‌ಗಾರ್ಟನ್ ಅಂತ ಒಂದು ತೋಟ ಇದೆ, ಅರಮನೆ ಪಕ್ಕ. ಹೆಸರಿನ ಅರ್ಥವೇ 'ಜನರ ತೋಟ'. ಪೂರ್ತಿ ಗುಲಾಬಿ, ಸಾವಿರಾರು ಗಿಡ. ಒಂದೊಂದಕ್ಕೂ ಒಂದು ಸಣ್ಣ ಫಲಕ. ಊರಿನವರು ಒಂದೊಂದು ಗಿಡ ವಹಿಸಿಕೊಂಡು ತಮಗೆ ಬೇಕಾದವರ ಹೆಸರು ಬರೆಸ್ತಾರೆ. "ಐವತ್ತು ವರ್ಷ ಜೊತೆಗಿದ್ದ ನಿನಗೆ." "ಅಜ್ಜಿಗೆ, ಎಂಟೂ ಮೊಮ್ಮಕ್ಕಳಿಂದ." ಚಳಿ ಬರೋ ಮುಂಚೆ ಗಿಡಗಳಿಗೆಲ್ಲ ಗೋಣಿಚೀಲ ಸುತ್ತಿ ಕಟ್ಟಿಬಿಡ್ತಾರೆ. ಆಗ ನೋಡಬೇಕು, ಗೋಣಿ ಹೊದ್ದುಕೊಂಡು ಒಂದು ಇಡೀ ಊರೇ ಬಸ್ಸಿಗೆ ಕಾಯ್ತಾ ನಿಂತ ಹಾಗಿರುತ್ತೆ. ನನಗೆ ಹೂ ಬಿಟ್ಟಾಗಿನ ತೋಟಕ್ಕಿಂತ ಇದೇ ಹೆಚ್ಚು ಹಿಡಿಸಿತು. ಹೂವಿಲ್ಲದ ಗಿಡಕ್ಕೆ ಇಷ್ಟು ಜತನ ಮಾಡ್ತಾರಲ್ಲ ಅಂತ.

ಒಂದು ಕೇಳಬೇಕಿತ್ತು. ನೀಲಿ ಪೆಟ್ಟಿಗೆಯ ಎಡಗಡೆ ಕಾಲಿನ ಹತ್ತಿರ ನೆಲದ ಮೇಲೆ ಸ್ವಲ್ಪ ಪುಡಿ ಕಂಡೆ. ರವೆಗಿಂತ ನಯ, ತಿಳಿ ಬಣ್ಣ. ಗುಡಿಸೋರು ಗುಡಿಸಿದರು. ನಾಲ್ಕು ದಿನ ಬಿಟ್ಟು ಮತ್ತೆ ಇತ್ತು. ನಿಮ್ಮ ಫ್ಯಾಕ್ಟರಿಯಲ್ಲಿ ಹೀಗೆ ಆದರೆ ಏನು ಮಾಡ್ತೀರಿ?

ಶರ್ವಾಣಿ

*

ಲಂಗಾಟಾ
೫ ನವೆಂಬರ್ ೨೦೨೪, ಮಂಗಳವಾರ

ಶರ್ವಾಣಿ,

ಇದಕ್ಕೆ ಭಾನುವಾರದ ತನಕ ಕಾಯಬಾರದು ಅಂತ ಆಫೀಸಿನಿಂದಲೇ ಬರೆಯುತ್ತಿದ್ದೇನೆ. ಕುಟ್ಟೆ ಹುಳ ಇರಬಹುದು. ಮರದ ಹಲಗೆಯ ಮೇಲೆ ಮಾಲು ಬರುತ್ತಿದ್ದ ಕಾಲದಲ್ಲಿ ನಮ್ಮ ಗೋಡೌನಿನಲ್ಲೂ ಆಗಿತ್ತು.

ಹಳೆಯ ತೂತಿನಿಂದ ಹಳೆಯ ಪುಡಿ ಅಲುಗಾಡಿ ಉದುರುವುದೂ ಉಂಟು. ಅದು ಮಾಸಲು ಬಣ್ಣಕ್ಕಿರುತ್ತದೆ. ತಿಳಿ ಬಣ್ಣದ್ದು ಹೊಸದು, ಅಂದರೆ ಒಳಗೆ ಹುಳ ಈಗಲೂ ತಿನ್ನುತ್ತಿದೆ. ಖಚಿತ ಮಾಡಿಕೊಳ್ಳಬೇಕಾದರೆ ಪೆಟ್ಟಿಗೆಯ ಕೆಳಗೆ ಒಂದು ಕಪ್ಪು ಕಾಗದ ಇಡು. ಕಾಗದದ ಮೇಲೆ ತಾರೀಖು ಬರಿ. ಮೂರು ದಿನಕ್ಕೊಮ್ಮೆ ಅದನ್ನು ಮಡಿಸಿ ಕವರಿನಲ್ಲಿ ಹಾಕಿ ಹೊಸದು ಇಡು. ತೂತುಗಳನ್ನು ಎಣಿಸಿಕೊ, ಎಲ್ಲಿವೆ ಅಂತ ಚಿತ್ರ ಬರೆದುಕೊ. ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡ, ಜರುಗಿಸಬೇಡ. ನಿನ್ನ ಕೈಕೆಳಗೆ ಯಾರಾದರೂ ಇದ್ದರೆ ಅವರಿಗೇ ವಹಿಸು. ಆದರೆ ಕಾಗದದ ಮೇಲೆ ಸಹಿ ನಿನ್ನದೇ ಇರಲಿ.

ನೀನು ನನ್ನ ಹತ್ತಿರ ಕೆಲಸದ ವಿಷಯ ಕೇಳಿದ್ದು ಇದೇ ಮೊದಲು.

ಅಪ್ಪ

*

ವಿಯೆನ್ನಾ
೨೪ ನವೆಂಬರ್ ೨೦೨೪

ಅಪ್ಪ,

ಆರು ಕಾಗದ ಆದವು. ಆರರಲ್ಲೂ ಪುಡಿ. ತೂತು ಹದಿನೇಳು, ಅದರಲ್ಲಿ ನಾಲ್ಕರ ಅಂಚು ಹೊಸದಾಗಿ ಬೆಳ್ಳಗಿದೆ. ಮೇಲಿನವರಿಗೆ ಹೇಳಿದೆ. "ಒಳ್ಳೇದು, ನೋಡ್ತೀವಿ" ಅಂದರು. ಹತ್ತು ದಿನ ಆಯ್ತು, ಯಾರೂ ಬಂದಿಲ್ಲ. ಮತ್ತೆ ಹೇಳಿದಾಗ, "ಅದು ನಿಮ್ಮ ಕೆಲಸ ಅಲ್ಲವಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ನಗುನಗುತ್ತಲೇ ಅಂದರು. ಆದರೂ ಮುಖ ಬಿಸಿಯಾಯ್ತು.

ಪ್ರತಿ ಗುರುವಾರ ಒಬ್ಬರು ಅಜ್ಜ ಬರ್ತಾರೆ. ಟೋಪಿ ತೆಗೆದು ನನಗೆ "ಗ್ರೂಸ್ ಗಾಟ್" ಅಂತ ನಮಸ್ಕಾರ ಹೇಳ್ತಾರೆ, ಪೆಟ್ಟಿಗೆ ಎದುರು ಹತ್ತು ನಿಮಿಷ ನಿಂತು ಹೋಗ್ತಾರೆ. ಅವರಜ್ಜಿ ಮನೆಯಲ್ಲಿ ಇಂಥದೇ ಒಂದಿತ್ತಂತೆ, ಯುದ್ಧದ ಚಳಿಗಾಲದಲ್ಲಿ ಸೌದೆಗೆ ಒಡೆದರಂತೆ. ಅವರು ಮೊನ್ನೆ ಬಂದಾಗ ನಾನು ನಿಂತ ಜಾಗದಿಂದ ತೂತುಗಳೇ ಕಾಣ್ತಿದ್ದವು. ಅವರಿಗೆ ಕಾಣಲಿಲ್ಲ.

ಏನು ಮಾಡಲಿ?

ಶರ್ವಾಣಿ

*

ಲಂಗಾಟಾ
೧ ಡಿಸೆಂಬರ್ ೨೦೨೪

ಶರ್ವಾಣಿ,

ಬಾಯಲ್ಲಿ ಹೇಳಿದ್ದು ಸಾಲದು. ಬರೆದುಕೊಡು. ಒಂದೇ ಪುಟ ಇರಲಿ. ಯಾವ ತಾರೀಖು, ಯಾವ ಜಾಗ, ಏನು ಕಂಡಿತು, ಅಷ್ಟೇ. 'ನನಗೆ ಅನ್ನಿಸುತ್ತದೆ' ಅಂತ ಎಲ್ಲೂ ಬೇಡ. ಕವರುಗಳನ್ನು ಜೊತೆಗಿಡು. ಕೊಟ್ಟಿದ್ದಕ್ಕೆ ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊ. ನನ್ನ ಮೂವತ್ತೈದು ವರ್ಷದ ಕೆಲಸ ನಡೆದಿರುವುದೇ ಹೀಗೆ.

'ನಿಮ್ಮ ಕೆಲಸ ಅಲ್ಲ' ಅಂದಿದ್ದು ನನಗೆ ಅರ್ಥವಾಗಲಿಲ್ಲ. ಸಂಗ್ರಹ ರಕ್ಷಣೆಯವರ ಕೆಲಸ ಇದಲ್ಲದೆ ಇನ್ನೇನು? ದೊಡ್ಡ ಸಂಸ್ಥೆಗಳಲ್ಲಿ ಒಂದು ವಿಭಾಗದವರಿಗೆ ಇನ್ನೊಂದು ವಿಭಾಗದವರನ್ನು ಕಂಡರೆ ಆಗದಿರುವುದು ಎಲ್ಲ ದೇಶದಲ್ಲೂ ಇರುತ್ತದೆ ಅಂದುಕೊಳ್ಳುತ್ತೇನೆ.

ನೀನು ಸಾಲ್ಸ್‌ಬರ್ಗ್‌ಗೆ ಹೋಗುತ್ತಿರುವುದು ಕೇಳಿ ಯೋಗೀಶನಿಗೆ ಬೇಜಾರಾಯಿತು. ಅಮೂಲ್ಯಾಗೆ ನೀಲಿ ಪೆಟ್ಟಿಗೆಯ ಕಥೆ ಹೇಳಿಬಿಟ್ಟಿದ್ದೇನೆ. ಆ ಮಗು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ನೂರು ಪ್ರಶ್ನೆ ಕೇಳಿತು. ನೀನಿಲ್ಲದಿದ್ದರೂ ಪೆಟ್ಟಿಗೆ ನೋಡಿಕೊಂಡೇ ಬರುತ್ತಾರಂತೆ.

ಅಪ್ಪ

*

ವಿಯೆನ್ನಾ
೧೯ ಜನವರಿ ೨೦೨೫

ಅಪ್ಪ,

ಡಿಸೆಂಬರ್ ಹದಿನೈದಕ್ಕೆ ಒಂದು ಮೇಲ್ ಬರೆದೆ, ಹೊಸ ವರ್ಷಕ್ಕೆ ಒಂದು. ನಿಮ್ಮಿಂದ ಒಂದೂ ಬರಲಿಲ್ಲ. ಅಮ್ಮನನ್ನು ಕೇಳಿದರೆ "ಫ್ಯಾಕ್ಟರಿಯಲ್ಲಿ ಆಡಿಟ್ ಅಂತೆ" ಅಂತಾಳೆ. ಅವಳ ಧ್ವನಿ ಆಡಿಟ್‌ನ ಧ್ವನಿ ಥರ ಇಲ್ಲ.

ನೀವು ಹೇಳಿದ ಹಾಗೆ ಒಂದು ಪುಟ ಬರೆದು ಕೊಟ್ಟೆ. ಅದರ ವಿಷಯ ಬರೆಯೋದು ಬಹಳ ಇದೆ. ಆದರೆ ನೀವು ಓದ್ತಿದೀರಾ ಇಲ್ಲವಾ ಗೊತ್ತಾಗದೆ ಬರೆಯೋಕೆ ಕೈ ಬರ್ತಿಲ್ಲ.

ಶರ್ವಾಣಿ

*

ಲಂಗಾಟಾ
೯ ಫೆಬ್ರವರಿ ೨೦೨೫

ಶರ್ವಾಣಿ,

ಆಡಿಟ್ ಇತ್ತು. ಆರೋಗ್ಯ ಚೆನ್ನಾಗಿದೆ. ಅಮ್ಮನೂ ಚೆನ್ನಾಗಿದ್ದಾಳೆ. ಇಲ್ಲಿ ಬಿಸಿಲು ಹೆಚ್ಚು.

ಅಪ್ಪ

*

ವಿಯೆನ್ನಾ
೧೬ ಫೆಬ್ರವರಿ ೨೦೨೫

ಅಪ್ಪ,

ನಿಮಗೆ ಗೊತ್ತಾಗಿದೆ. ನಾಲ್ಕು ಸಾಲಿನಲ್ಲೇ ತಿಳೀತು. ಆದರೂ ನಾನೇ ಹೇಳಬೇಕು.

ನಾನು ತಜ್ಞೆ ಅಲ್ಲ. ನಾನು ಮ್ಯೂಸಿಯಂ ಕಾವಲಿನವಳು. 'ಸಂಗ್ರಹ ರಕ್ಷಣೆ' ಅಂತ ನಾನು ಹೇಳಿದ್ದು ಸುಳ್ಳಲ್ಲ, ನಮ್ಮ ವಿಭಾಗಕ್ಕೆ ಇಲ್ಲಿ ಅದೇ ಹೆಸರು. ನೀವು ಅದನ್ನು ಬೇರೆ ಥರ ತಿಳಿದುಕೊಂಡಿರಿ, ನಾನು ತಿದ್ದಲಿಲ್ಲ. ಮೂರನೆಯ ಕೋಣೆ ನನ್ನ ಕ್ಯಾಬಿನ್ ಅಲ್ಲ. ನೀಲಿ ಕೋಟು ಹಾಕಿಕೊಂಡು, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಾನು ಕಾಯೋ ಕೋಣೆ. ದಿನಕ್ಕೆ ಅರವತ್ತು ಸಲ "ದಯವಿಟ್ಟು ಮುಟ್ಟಬೇಡಿ" ಅಂತೀನಿ. ಟಾಯ್ಲೆಟ್ ಎಲ್ಲಿ ಅಂತ ಮೂವತ್ತು ಜನ ಕೇಳ್ತಾರೆ. ಉಳಿದವರ ಕಣ್ಣಿಗೆ ನಾನು ಬೀಳೋದೇ ಇಲ್ಲ.

ಪಿಎಚ್‌ಡಿ ಬಿಟ್ಟಾಗ ಎರಡು ತಿಂಗಳಿಗೆ ಅಂತ ಸೇರಿದ್ದು. ಲ್ಯಾಬಿನಲ್ಲಿ ಎರಡು ವರ್ಷ ಒಂದೇ ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತೆ ಅಂತ ನೋಡಿದ್ದೆ. ಅದರಲ್ಲಿ ಒಂದು ದಿನವೂ ಮನಸ್ಸು ನಿಂತಿರಲಿಲ್ಲ. ಇಲ್ಲಿ ಒಂದು ಪೆಟ್ಟಿಗೆ ನೋಡ್ತಾ ನಿಂತೆ, ವರ್ಷ ಹೋದದ್ದು ಗೊತ್ತಾಗಲಿಲ್ಲ. ಆ ಎರಡು ಹಕ್ಕಿ ಬರೆದವನು ಎಡಗಡೆಯದನ್ನು ಮೊದಲು ಬರೆದ, ಬಲಗಡೆ ಬರೋ ಹೊತ್ತಿಗೆ ನೀಲಿ ಮುಗೀತಾ ಬಂದಿತ್ತು, ಅದಕ್ಕೇ ರೆಕ್ಕೆಯಲ್ಲಿ ಬೂದು ಬೆರೆಸಿದಾನೆ. ಇದನ್ನು ನನಗೆ ಯಾರೂ ಹೇಳಿಲ್ಲ ಅಪ್ಪ. ನಿಂತು ನಿಂತು ಕಂಡಿದ್ದು.

ಸಾಲ್ಸ್‌ಬರ್ಗ್ ಸುಳ್ಳು. ಡಿಸೆಂಬರ್ ಇಪ್ಪತ್ತೇಳಕ್ಕೆ ಯೋಗೀಶ ಅಂಕಲ್ ಮೂವರೂ ನನ್ನ ಕೋಣೆಗೆ ಬಂದರು. ನಾನು ಕಿಟಕಿ ಕಡೆ ತಿರುಗಿದೆ. ಅಮೂಲ್ಯಾ ಪೆಟ್ಟಿಗೆ ಎದುರು ನಿಂತಳು, ಅಂಕಲ್ ಫೋಟೋ ತೆಗೆದರು. ಹರ್ಷಿತಾ ಆಂಟಿ ಮೆತ್ತಗೆ ಕನ್ನಡದಲ್ಲಿ ಅಂದರು, "ರೀ, ಈ ಹುಡುಗಿ ಬದರೀನಾಥ ಅಂಕಲ್ ಮಗಳ ಥರ ಇಲ್ವಾ?" ಆಮೇಲೆ ಹತ್ತಿರ ಬಂದು ನನ್ನನ್ನೇ ಕೇಳಿದರು, "ನೀನು ಶರ್ವಾಣೀನಾ, ಪುಟ್ಟ?"

ನಾನು ಜರ್ಮನ್‌ನಲ್ಲಿ ಹೇಳಿದೆ, ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ ಅಂತ.

ಅವರು ಸಾರಿ ಅಂದು ಹೋದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ವರ್ಷದಲ್ಲಿ ಆ ಕೋಣೆಯೊಳಗೆ ಕನ್ನಡ ಕೇಳಿದ್ದು ಅದೊಂದೇ ಸಲ, ಅದಕ್ಕೆ ನಾನು ಗೊತ್ತಿಲ್ಲ ಅಂದೆ. ಮುಟ್ಟಬೇಡಿ ಅಂತ ಆವತ್ತು ಸಂಜೆಯವರೆಗೆ ಯಾರಿಗೂ ಹೇಳೋಕಾಗಲಿಲ್ಲ.

ಪೆಟ್ಟಿಗೆಯ ವಿಷಯ. ನನ್ನ ಒಂದು ಪುಟ ಹೇಗೋ ನಿಜವಾದ ತಜ್ಞೆಯ ಮೇಜಿಗೆ ಹೋಯ್ತು. ಜನವರಿ ಏಳಕ್ಕೆ ಅವರು ಟಾರ್ಚ್ ಹಿಡಿದು ಬಂದರು, ಮೊಣಕಾಲೂರಿ ಕೂತು ಅರ್ಧ ಗಂಟೆ ನೋಡಿದರು. ಪೆಟ್ಟಿಗೆಯನ್ನು ಈಗ ಗಾಳಿ ಹೋಗದ ಚೀಲದಲ್ಲಿಟ್ಟು, ಹುಳಕ್ಕೆ ಉಸಿರು ಸಿಗದ ಹಾಗೆ ನೈಟ್ರೋಜನ್ ತುಂಬಿದಾರೆ, ಆರು ವಾರ. ಪಕ್ಕದ ಕೋಣೆಯ ಮರದ ಮೂರ್ತಿಗೂ ಹತ್ತಿತ್ತು. ಇನ್ನೊಂದು ಬೇಸಿಗೆ ಬಿಟ್ಟಿದ್ದರೆ ಅದರ ಮುಖವೇ ಹೋಗ್ತಿತ್ತಂತೆ. "ಕಪ್ಪು ಕಾಗದ ಇಡೋದು ನಿಮಗೆ ಯಾರು ಕಲಿಸಿದರು?" ಅಂತ ಕೇಳಿದರು. ನಮ್ಮಪ್ಪ ಅಂದೆ. "ಅವರೂ ಮ್ಯೂಸಿಯಂನವರಾ?" ಅಂದರು.

ನಿಮ್ಮ ಹೆಸರು ಹೇಳೋಕೆ ನನಗೆ ಒಂದು ಕ್ಷಣವೂ ಯೋಚನೆ ಆಗಲಿಲ್ಲ. ನಿಮಗೆ ನನ್ನ ಕೆಲಸ ಹೇಳೋಕೆ ಎರಡು ವರ್ಷ ಆಯ್ತು.

ಶರ್ವಾಣಿ

*

ಲಂಗಾಟಾ
೨ ಮಾರ್ಚ್ ೨೦೨೫

ಶರ್ವಾಣಿ,

ನನ್ನದೂ ಒಂದಿದೆ. ಅದನ್ನು ಹೇಳದೆ ನಿನಗೆ ಉತ್ತರ ಬರೆಯುವ ಹಾಗಿಲ್ಲ.

ಜನವರಿ ಎಂಟನೆಯ ತಾರೀಖು ಯೋಗೀಶ ಕಾಫಿಗೆ ಕರೆದ. ಅಪ್ಪರ್ ಹಿಲ್‌ನಲ್ಲಿ ಅವನ ಆಫೀಸಿನ ಕೆಳಗೇ ಒಂದು ಹೋಟೆಲಿದೆ. ಫೋನ್ ತೆಗೆದು ವಿಯೆನ್ನಾದ ಫೋಟೋ ತೋರಿಸಿದ. ಅಮೂಲ್ಯಾ ಪೆಟ್ಟಿಗೆಯ ಎದುರು ನಗುತ್ತಾ ನಿಂತಿದ್ದಾಳೆ. ಅವಳ ಹಿಂದೆ ನೀಲಿ ಕೋಟು ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ ಒಬ್ಬಳು. ಮುಖ ಕಾಣುವುದಿಲ್ಲ. ಕಿವಿ, ಕತ್ತು, ನಿಂತ ಭಂಗಿ, ಅಷ್ಟೇ. ಮಗಳನ್ನು ಗುರುತು ಹಿಡಿಯಲು ಅಷ್ಟು ಸಾಕು. ಯೋಗೀಶ ಬಹಳ ಹುಷಾರಾಗಿ ಕೇಳಿದ, "ಅಂಕಲ್, ಇದು ನಮ್ಮ ಶರ್ವಾಣಿ ಅಲ್ಲ ತಾನೆ?"

"ಅಲ್ಲಪ್ಪ, ಅವಳು ಸಾಲ್ಸ್‌ಬರ್ಗ್‌ಗೆ ಹೋಗಿದ್ದಳಲ್ಲ" ಅಂದೆ.

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅವನಿಗೆ ಗೊತ್ತಾಗಿತ್ತು, ನನಗೆ ಗೊತ್ತಾಗಿದೆ ಎಂಬುದೂ ಗೊತ್ತಾಗಿತ್ತು. ನೀನು ಜರ್ಮನ್‌ನಲ್ಲಿ ಇಲ್ಲ ಅಂದೆ. ನಾನು ಕನ್ನಡದಲ್ಲೇ ಅಂದೆ.

ನಾಚಿಕೆಯಾಯಿತು, ನಿಜ. ಅದನ್ನು ಬೇರೆ ಹೆಸರಿಟ್ಟು ಕರೆಯುವುದಿಲ್ಲ. ಹೊಸ ವರ್ಷದವರೆಗೆ ಆಡಿಟ್ ನಿಜವಾಗಿಯೂ ಇತ್ತು. ಆಮೇಲೆ ಒಂದು ತಿಂಗಳು ನಿನಗೆ ಬರೆಯಲು ಕೂತು ಕೂತು ಎದ್ದೆ. ಏನು ಬರೆದರೂ ಅದರಲ್ಲಿ ಬೈಗುಳ ಬರುತ್ತಿತ್ತು. ಅದಕ್ಕೇ ಆ ನಾಲ್ಕು ಸಾಲು. ನಿನ್ನ ಪತ್ರ ಬಂದ ದಿನ ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನನಗೆ ಮೊದಲ ತಿಂಗಳೇ ಹೇಳಿದ್ದಳು. ನಿಮಗೂ ಅವಳೇ ಹೇಳಲಿ ಅಂತ ಸುಮ್ಮನಿದ್ದೆ" ಅಂದಳು. ನಮ್ಮ ಮನೆಯಲ್ಲಿ ಕೊನೆಗೆ ವಿಷಯ ತಿಳಿಯುವವನು ಕ್ವಾಲಿಟಿ ನೋಡಿಕೊಳ್ಳುವವನು.

ಮಾರನೆಯ ದಿನ ಫ್ಯಾಕ್ಟರಿಯಲ್ಲಿ ಮಾತ್ರೆ ಪರೀಕ್ಷೆಯ ಸಾಲಿನ ಹತ್ತಿರ ಹೋಗಿ ನಿಂತೆ. ಹನ್ನೆರಡು ಹೆಂಗಸರು ಬೆಳಕಿನ ಕೆಳಗೆ ಕೂತು, ಓಡುವ ಬೆಲ್ಟಿನ ಮೇಲೆ ಒಡೆದ ಮಾತ್ರೆ, ಕಲೆಯಾದ ಮಾತ್ರೆ ಆರಿಸುತ್ತಾರೆ. ದಿನವಿಡೀ ಕಣ್ಣು ಕೀಳುವ ಹಾಗಿಲ್ಲ. ಮೂವತ್ತೈದು ವರ್ಷ ನಾನು ಕಾಗದಗಳಿಗೆ ಹಾಕಿದ ಸಹಿಯೆಲ್ಲ ಇಂಥವರ ಕಣ್ಣನ್ನು ನಂಬಿ ಹಾಕಿದ್ದು. ಅವರಲ್ಲಿ ನಾಲ್ಕು ಜನರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಆವತ್ತು ಕೇಳಿ ತಿಳಿದುಕೊಂಡೆ.

ಆ ಪೆಟ್ಟಿಗೆಯನ್ನು ಎಷ್ಟೋ ಓದಿದವರು ನೋಡಿರಬೇಕು. ಪುಡಿ ಕಂಡಿದ್ದು ನಿನಗೆ.

ಶನಿವಾರ ಯೋಗೀಶನ ಮನೆಗೆ ಹೋದೆ. ಬಾಗಿಲಲ್ಲೇ ಹೇಳಿದೆ, "ಆ ಫೋಟೋದಲ್ಲಿರೋದು ನನ್ನ ಮಗಳು. ನಾನು ಸುಳ್ಳು ಹೇಳಿದೆ." ಹರ್ಷಿತಾ ಒಳಗೆ ಬನ್ನಿ ಅಂದಳು. ಅಮೂಲ್ಯಾ ಫೋಟೋ ತಂದು ದೊಡ್ಡದು ಮಾಡಿ ತೋರಿಸಿದಳು. ಹುಳದ ಕಥೆ ಪೂರ್ತಿ ಹೇಳಿಸಿಕೊಂಡಳು. ಆ ಫೋಟೋ ನನಗೂ ಕಳಿಸಿಕೊಟ್ಟಿದ್ದಾಳೆ.

ಅಪ್ಪ

*

ವಿಯೆನ್ನಾ
೨೦ ಏಪ್ರಿಲ್ ೨೦೨೫

ಅಪ್ಪ,

ನಿಮ್ಮ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೋಪಕ್ಕಲ್ಲ. ದಿನಾ ಓದ್ತಿದ್ದೆ. ಮೊದಲ ವಾರ ಅಳು ಬರ್ತಿತ್ತು, ಎರಡನೇ ವಾರ ನಗು ಬಂತು, ಆಮೇಲೆ ಹರ್ಷಿತಾ ಆಂಟಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ನಿನ್ನ ಜರ್ಮನ್ ಚೆನ್ನಾಗಿದೆ ಕಣೆ" ಅಂದರು.

ಪೆಟ್ಟಿಗೆ ಮಾರ್ಚ್ ಕೊನೆಗೆ ವಾಪಸ್ ಬಂತು. ಆ ಗುರುವಾರ ಅಜ್ಜ ಬಂದಾಗ ಅವರಿಗೆ ಆದದ್ದನ್ನೆಲ್ಲ ಹೇಳಿದೆ. ಅವರು ಪೆಟ್ಟಿಗೆ ನೋಡೋದು ಬಿಟ್ಟು ನನ್ನ ಕಡೆ ತಿರುಗಿ, ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಆಮೇಲೆ ಟೋಪಿ ಹಾಕಿಕೊಂಡು ಹೋದರು.

ಕೆಲಸದಲ್ಲಿ ದೊಡ್ಡ ಬದಲಾವಣೆ ಏನಿಲ್ಲ. ಕೋಟು ಅದೇ, ಕೋಣೆ ಅದೇ. ಆದರೆ ಸೋಮವಾರ ಮ್ಯೂಸಿಯಂಗೆ ರಜೆ ಇದ್ದಾಗ ಎರಡು ಗಂಟೆ ಆ ತಜ್ಞೆಯ ಜೊತೆ ಹನ್ನೊಂದು ಕೋಣೆಯ ಮರದ ಸಾಮಾನೆಲ್ಲ ನೋಡಿ ಬರೆದಿಡೋ ಕೆಲಸ ಕೊಟ್ಟಿದಾರೆ. ಖಾಲಿ ಮ್ಯೂಸಿಯಂ ಹೇಗಿರುತ್ತೆ ಗೊತ್ತಾ? ತೊಟ್ಟಿಲುಗಳ ಕೋಣೆಯಲ್ಲಿ ನನ್ನ ಹೆಜ್ಜೆ ನನಗೇ ಕೇಳಿಸುತ್ತೆ, ಬೆರಳ ಮೇಲೆ ನಡೀತೀನಿ. ಇನ್ನೂರು ವರ್ಷದ ಹಿಂದೆ ಯಾರೋ ತಾಯಿ ತೂಗಿ ತೂಗಿ ಸವೆದ ಜಾಗ ಒಂದೊಂದರಲ್ಲೂ ಇದೆ. ಈ ಊರಿನಲ್ಲಿ ಅರಮನೆ ಎಷ್ಟೋ ಇವೆ ಅಪ್ಪ, ಎಲ್ಲವೂ ಚೆನ್ನ. ಆದರೆ ಹೆಸರಿಲ್ಲದವರ ತೊಟ್ಟಿಲಿಗೂ ಒಂದು ಮನೆ ಕೊಟ್ಟು, ಅದನ್ನು ಕಾಯೋಕೆ ಒಬ್ಬರನ್ನು ಇಟ್ಟಿದಾರಲ್ಲ, ಅದಕ್ಕೇ ನಾನು ಈ ಊರಿಗೆ ಸೋತಿದ್ದು.

ಮುಂದಿನ ವರ್ಷಕ್ಕೆ ಸಂರಕ್ಷಣೆಯ ಒಂದು ಕೋರ್ಸಿಗೆ ಅರ್ಜಿ ಹಾಕಿ ಅಂತ ಆ ತಜ್ಞೆ ಹೇಳ್ತಿದಾರೆ. ಸಿಗುತ್ತೋ ಇಲ್ಲವೋ. ಸಿಗದಿದ್ದರೂ ಇದೇ ಕೆಲಸದಲ್ಲಿ ಇರ್ತೀನಿ. ಇದನ್ನು ನಿಮಗೆ ಮೊದಲೇ ಹೇಳಿಬಿಡೋಣ ಅಂತ.

ಜೂನ್‌ನಲ್ಲಿ ಅಮ್ಮ, ನೀವು ಇಬ್ಬರೂ ಬನ್ನಿ.

ಶರ್ವಾಣಿ

*

ಲಂಗಾಟಾ
೪ ಮೇ ೨೦೨೫

ಶರ್ವಾಣಿ,

ವೀಸಾಕ್ಕೆ ಅರ್ಜಿ ಹಾಕಿದ್ದೇವೆ.

ಈ ಊರಿಗೆ ಬಂದು ಹನ್ನೊಂದು ವರ್ಷವಾದರೂ ನಾನು ನೈರೋಬಿಯ ಮ್ಯೂಸಿಯಂ ನೋಡಿರಲಿಲ್ಲ. ಇವತ್ತು ಮಳೆ ಬಿಡುವು ಕೊಟ್ಟಿತ್ತು, ಹೋಗಿ ಬಂದೆವು. ನಾನು, ಅಮ್ಮ, ಮನೆಗೆಲಸದ ಮೇರಿ. ಮೇರಿ ಶಾಲೆಯಲ್ಲಿದ್ದಾಗ ಒಮ್ಮೆ ಬಂದಿದ್ದಳಂತೆ, ಒಳಗೆ ಹೋಗುತ್ತಲೇ ನಮಗೆ ದಾರಿ ತೋರಿಸಿದಳು. ಬಾಗಿಲಲ್ಲೇ ಈ ದೇಶದ ಎಲ್ಲ ಜನಾಂಗದವರ, ಹಾಲು ತುಂಬಿಡುವ ಸೋರೆಬುರುಡೆಗಳಿವೆ. ಅಮ್ಮ ಅಲ್ಲಿಂದ ಕದಲಲಿಲ್ಲ. ಒಂದೊಂದರ ಹೊಲಿಗೆ, ಮಣಿ, ಚರ್ಮದ ಪಟ್ಟಿ ನೋಡಿ, "ಹಾಲಿಗೇ ಇಷ್ಟು ಅಲಂಕಾರ ಮಾಡಿದವರು" ಅಂದಳು. ಮೇರಿ ತಮ್ಮ ಕಡೆಯದು ಯಾವುದು ಅಂತ ಹುಡುಕಿ ತೋರಿಸಿದಳು. ಇಬ್ಬರೂ ಸೇರಿ ಅದರ ಎದುರು ಬಹಳ ಹೊತ್ತು ಮಾತಾಡಿದರು.

ನಾನು ಹಕ್ಕಿಗಳ ಕೋಣೆಗೆ ಹೋದೆ. ಗೋಡೆಯುದ್ದಕ್ಕೂ ಗಾಜಿನೊಳಗೆ ನೂರಾರು ಹಕ್ಕಿ. ನೋಡುತ್ತಾ ಮುಂದೆ ಹೋಗುತ್ತಿದ್ದವನು ನಿಂತೆ. ಮೂಲೆಯಲ್ಲಿ ಕಾವಲಿನವರು ನಿಂತಿದ್ದರು. ನನಗಿಂತ ಸ್ವಲ್ಪ ಚಿಕ್ಕವರು, ಇಸ್ತ್ರಿ ಮಾಡಿದ ಶರ್ಟು. ನಾನು ಹತ್ತಿರ ಹೋಗಿ ಹೆಸರು ಕೇಳಿದೆ. ಏನೋ ತಪ್ಪಾಗಿದೆ ಅಂತ ಅವರು ಗಾಬರಿಯಾದರು. ಮುತುವಾ ಅಂತ. ಹದಿನಾರು ವರ್ಷದಿಂದ ಇದ್ದಾರಂತೆ. "ಇಷ್ಟು ಹಕ್ಕಿಯಲ್ಲಿ ನೀವು ಹೆಚ್ಚು ನೋಡೋದು ಯಾವುದನ್ನ?" ಅಂತ ಕೇಳಿದೆ. ಈ ಪ್ರಶ್ನೆ ಅವರನ್ನು ಯಾರೂ ಕೇಳಿರಲಿಲ್ಲವೇನೋ. ನನ್ನನ್ನು ಕೊನೆಯ ಗಾಜಿನ ಹತ್ತಿರ ಕರೆದುಕೊಂಡು ಹೋಗಿ, ಕೆಳಗಿನ ಸಾಲಿನಲ್ಲಿ ಒಂದು ಸಣ್ಣ ಕಂದು ಹಕ್ಕಿ ತೋರಿಸಿದರು. ಬಣ್ಣವಿಲ್ಲ, ಏನೂ ಇಲ್ಲ. ಅವರ ಊರಿನಲ್ಲಿ ಮಳೆಗೆ ಮುಂಚೆ ಕೂಗುವ ಹಕ್ಕಿಯಂತೆ. "ಎಲ್ಲರೂ ಹದ್ದು ನೋಡಿ ಹೋಗ್ತಾರೆ" ಅಂದರು. ಆ ಹಕ್ಕಿ ಹೇಗೆ ಕೂಗುತ್ತದೆ ಅಂತ ಮೆತ್ತಗೆ ಸಿಳ್ಳೆ ಹಾಕಿ ಕೇಳಿಸಿದರು. ಮುಕ್ಕಾಲು ಗಂಟೆ ಮಾತಾಡಿದೆವು. ಅಷ್ಟು ಚೆನ್ನಾಗಿ ಹಕ್ಕಿಗಳ ವಿಷಯ ನನಗೆ ಯಾರೂ ಹೇಳಿಲ್ಲ.

ಹೊರಡುವಾಗ ಕೇಳಿದರು, ಮಕ್ಕಳೆಷ್ಟು ಅಂತ. ಒಬ್ಬಳೇ ಮಗಳು ಅಂದೆ. ಏನು ಕೆಲಸ ಅಂದರು.

"ನಿಮ್ಮದೇ ಕೆಲಸ. ವಿಯೆನ್ನಾದಲ್ಲಿ. ಮ್ಯೂಸಿಯಂನಲ್ಲಿ ಕೋಣೆ ಕಾಯ್ತಾಳೆ."

ಅವರ ಮುಖ ಅರಳಿತು. ನನ್ನ ಕೈ ಕುಲುಕಿದರು. ಆಮೇಲೆ ಸ್ವಲ್ಪ ಹತ್ತಿರ ಬಂದು, ಒಳಗಿನವರು ಒಳಗಿನವರನ್ನು ಕೇಳುವ ಹಾಗೆ ಕೇಳಿದರು, "ಅಲ್ಲಿ ಕೂತ್ಕೊಳ್ಳೋಕೆ ಕುರ್ಚಿ ಕೊಡ್ತಾರಾ?"

ನನಗೆ ಗೊತ್ತಿರಲಿಲ್ಲ. ಏಳು ತಿಂಗಳಿಂದ ನಿನಗೆ ಬರೆಯುತ್ತಿದ್ದೇನೆ, ಇದನ್ನು ಕೇಳಲೇ ಇಲ್ಲ. ಮುಂದಿನ ಭಾನುವಾರ ಬಂದು ಹೇಳುತ್ತೇನೆ ಅಂದಿದ್ದೇನೆ ಅವರಿಗೆ.

ಕುರ್ಚಿ ಕೊಡುತ್ತಾರಾ, ಶರ್ವಾಣಿ?

ಅಪ್ಪ